ಕೊಪ್ಪರಿಗೆಯಮ್ಮನ ಮೂವತ್ತು ದಿನ

ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಮೂವತ್ತೊಂದು ವರ್ಷ ಇನ್ನೂರು ಜನಕ್ಕೆ ಬೇಯಿಸಿ ಹಾಕಿದವಳನ್ನು ಎಲ್ಲರೂ ಕರೆಯುತ್ತಿದ್ದುದು ಕೊಪ್ಪರಿಗೆಯಮ್ಮ ಎಂದೇ. ಹುಡುಗಿಯರು ತೋರಿಸುತ್ತಿದ್ದ ಚಿತ್ರಗಳಲ್ಲಿ ಪರದೇಶದ ಒಂದು ಊರಿನ ಸೇತುವೆಯನ್ನೂ ಗಡಿಯಾರದ ಗೋಪುರವನ್ನೂ ನೋಡಿ ನೋಡಿ ಅವಳಿಗೆ ಆಸೆ ಬೇರು ಬಿಟ್ಟಿತ್ತು. ನಿವೃತ್ತಿಯಾದ ಮರುತಿಂಗಳೇ ಹೊರಟು ನಿಂತಳು. ಸಿಕ್ಕಿದ್ದು ತೀರ ಅಗ್ಗದ ಟಿಕೆಟ್ಟು. ಮೂವತ್ತನೇ ದಿನಕ್ಕೆ ವಾಪಸು, ಒಂದು ದಿನವೂ ಹಿಂದೆ ಮುಂದೆ ಮಾಡುವಂತಿಲ್ಲ.

ಅಣ್ಣ ಅವಳ ಕೈಚೀಲದಲ್ಲಿದ್ದ ದುಡ್ಡು ನೋಡಿ ನಕ್ಕ.

"ಹತ್ತು ದಿನ ಬಂದ್ರೆ ಹೆಚ್ಚು. ಆಮೇಲೆ ನಂಗೇ ಫೋನ್ ಮಾಡ್ತೀಯ. ಕಳಿಸ್ತೀನಿ ಬಿಡು, ಆದ್ರೆ ಅವತ್ತಿಂದ ನಿನ್ನ ಪಿಂಚಣಿ ಪುಸ್ತಕ ನನ್ನ ಬೀರುವಲ್ಲಿರುತ್ತೆ."

ಅವಳು ಹೂಂ ಎಂದುಬಿಟ್ಟಳು. ಮಾತು ಕೊಟ್ಟಾಗಿತ್ತು.

ಅಲ್ಲಿ ಇಳಿದ ದಿನವೇ ಅವಳ ಲೆಕ್ಕವೆಲ್ಲ ತಲೆಕೆಳಗಾಯಿತು. ಹೋಟೆಲ್ಲಿನಲ್ಲಿ ಒಂದು ತಟ್ಟೆ ಊಟದ ಬೆಲೆಯೂ ವಸತಿಗೃಹದಲ್ಲಿ ಒಂದು ದಿನದ ಮಂಚದ ಬಾಡಿಗೆಯೂ ಒಂದೇ! ಒಂದು ಕೋಣೆಯಲ್ಲಿ ಎಂಟು ಮಂಚ, ಒಂದರ ಮೇಲೊಂದು. ಮೇಲಿನದಕ್ಕೆ ಬಾಡಿಗೆ ಕಡಿಮೆ ಎಂದು ತಿಳಿದದ್ದೇ ಅರವತ್ತರ ಹೆಂಗಸು ಸೆರಗು ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಕೆಳಗಿನ ಮಂಚದಲ್ಲಿ ಅವಳ ಭಾಷೆ ಬಲ್ಲ ನರ್ಸ್ ಒಬ್ಬಳಿದ್ದಳು, ರಜೆಯಲ್ಲಿ ದೇಶ ನೋಡಲು ಬಂದವಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವಸತಿಗೃಹದ ಅಡಿಗೆಮನೆಯಲ್ಲಿ ಯಾರು ಬೇಕಾದರೂ ಬೇಯಿಸಿಕೊಳ್ಳಬಹುದೆಂದು ಹೇಳಿಕೊಟ್ಟವಳೂ ಅವಳೇ.

ಮಾರನೆಯ ಬೆಳಿಗ್ಗೆ ಕೊಪ್ಪರಿಗೆಯಮ್ಮ ಒಂದು ವಾರಕ್ಕೆಂದು ಅಕ್ಕಿ, ಬೇಳೆ, ಈರುಳ್ಳಿ ತಂದು ಒಲೆ ಹಚ್ಚಿದಳು. ಕೈ ತನ್ನಷ್ಟಕ್ಕೆ ಇದ್ದುದರಲ್ಲೇ ದೊಡ್ಡ ಪಾತ್ರೆಯನ್ನು ಎಳೆದುಕೊಂಡಿತು. ಬೊಗಸೆ ಮೇಲೆ ಬೊಗಸೆ ಅಕ್ಕಿ ಬಿತ್ತು. ಮನಸ್ಸು ಆಗಲೇ ಚಿತ್ರದ ಸೇತುವೆಯ ಮೇಲಿತ್ತು. ಎಚ್ಚರವಾದಾಗ ಪಾತ್ರೆ ತುಂಬ ಅನ್ನ ಅರಳಿ ಮುಚ್ಚಳ ಎತ್ತುತ್ತಿತ್ತು, ಚೀಲದಲ್ಲಿ ಮುಷ್ಟಿ ಅಕ್ಕಿಯೂ ಉಳಿದಿರಲಿಲ್ಲ. ಒಬ್ಬರಿಗೆ ಅಡಿಗೆ ಮಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ.

ಅನ್ನ ಚೆಲ್ಲುವ ಜಾತಿ ಅವಳದಲ್ಲ. ಬಂದವರನ್ನೆಲ್ಲ ಕೈಸನ್ನೆ ಮಾಡಿ ಕೂರಿಸಿ ಬಡಿಸಿದಳು. ಹದಿನಾಲ್ಕು ಜನ ಪಾತ್ರೆ ಬಳಿದು ತಿಂದರು. ಅವರು ಎದ್ದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತಳು. ಹತ್ತು ದಿನವೂ ಆಗುವುದಿಲ್ಲ, ಪಿಂಚಣಿ ಪುಸ್ತಕ ಹೋದ ಹಾಗೆಯೇ ಎನಿಸಿತು.

ಆದರೆ ಆ ಸಂಜೆ ಅಡಿಗೆಮನೆಯಲ್ಲಿ ಅವಳು ಕಂಡದ್ದೇ ಬೇರೆ. ಎರಡು ಒಲೆಗೆ ಹದಿನಾಲ್ಕು ಜನ ಸಾಲುಗಟ್ಟಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಅಂಗೈಯಗಲದ ಅಕ್ಕಿ ಪೊಟ್ಟಣ, ಮೂಟೆಯ ದರಕ್ಕಿಂತ ಮೂರು ಪಟ್ಟು ಬೆಲೆಯದು. ಕಪಾಟಿನಲ್ಲಿ ಹೆಸರು ಬರೆದಿಟ್ಟ ಅರ್ಧರ್ಧ ಈರುಳ್ಳಿ ಬಾಡುತ್ತಿದ್ದವು. ಈ ದಂಡವನ್ನು ಅವಳಿಗೆ ನೋಡಲಾಗಲಿಲ್ಲ.

"ಏನಮ್ಮ, ಇವ್ರಿಗೆ ಹೇಳು," ಎಂದಳು ನರ್ಸಿಗೆ. "ಎಲ್ರೂ ಸೇರಿ ಮೂಟೆ ತರ್ಲಿ. ಬೇಯಿಸೋದು ನಾನು. ನನ್ನ ತಟ್ಟೆಗೆ ಮಾತ್ರ ಕಾಸು ಕೇಳ್ಬಾರ್ದು."

"ಅಕ್ಕಾ, ಇಷ್ಟು ಜನಕ್ಕೆ ದಿನಾ ಆಗುತ್ತಾ?"

"ಇಷ್ಟು ಜನ ಅಂದ್ರೆ ನಂಗೆ ಒಗ್ಗರಣೆಗೂ ಸಾಲ್ದು."

ಸಗಟು ಅಂಗಡಿಯವನು ಮೂಟೆಗಿಂತ ಕಡಿಮೆ ಕೊಡುತ್ತಿರಲಿಲ್ಲ, ಅದಕ್ಕೇ ಯಾರೂ ಆ ಕಡೆ ಹೋಗಿರಲಿಲ್ಲ. ಈಗ ನಾಲ್ಕು ಜನ ಮೂಟೆ ಹೊತ್ತು ತಂದರು. ಎಲ್ಲರ ಊಟದ ಖರ್ಚು ಅರ್ಧಕ್ಕಿಳಿಯಿತು, ಅವಳದಂತೂ ಸೊನ್ನೆ. ಬೆಳಿಗ್ಗೆ ಒಂಬತ್ತಕ್ಕೆ ಒಲೆ ಆರಿಸಿದರೆ ಸಂಜೆಯವರೆಗೆ ಊರೆಲ್ಲ ಅವಳದೇ. ಬಸ್ಸಿನ ವಾರದ ಪಾಸು ಕೊರಳಿಗೆ ತೂಗುಹಾಕಿಕೊಂಡು, ಪ್ರತಿಯೊಂದು ಬಸ್ಸನ್ನೂ ಕೊನೆಯ ನಿಲ್ದಾಣದವರೆಗೆ ಬಿಡದೆ ಸುತ್ತಿದಳು.

ಹತ್ತನೇ ದಿನ ಅಣ್ಣನೇ ಫೋನ್ ಮಾಡಿದ, ಎಷ್ಟು ಕಳಿಸಲಿ ಎಂದು.

"ಈಗ ಇಡಣ್ಣ," ಎಂದಳು. "ಇಪ್ಪತ್ತು ಜನ ಎಲೆ ಮುಂದೆ ಕೂತಿದಾರೆ."

ಇಪ್ಪತ್ತೊಂಬತ್ತನೇ ದಿನ ಕೈಚೀಲದಲ್ಲಿ ಇನ್ನೂ ದುಡ್ಡಿತ್ತು. ವಸತಿಗೃಹದವರಾರೂ ದುಬಾರಿಯೆಂದು ಹತ್ತದಿದ್ದ ಗಡಿಯಾರದ ಗೋಪುರಕ್ಕೆ ಎರಡು ಟಿಕೆಟ್ಟು ಕೊಂಡು, ನರ್ಸಿನ ಕೈ ಹಿಡಿದು ಮುನ್ನೂರು ಮೆಟ್ಟಿಲು ಹತ್ತಿದಳು. ಚಿತ್ರದಲ್ಲಿದ್ದ ಸೇತುವೆ ಕಾಲ ಕೆಳಗೆ ಬೆರಳುದ್ದ ಕಂಡಿತು.

ಮನೆಗೆ ಬಂದಾಗ ಅಣ್ಣ ಬಾಗಿಲಲ್ಲೇ ನಿಂತಿದ್ದ. ಅವಳು ಅವನ ಕೈಗೆ ಒಂದು ಉಣ್ಣೆಯ ಟೋಪಿ ಇಟ್ಟಳು, ಉಳಿದ ದುಡ್ಡಿನದು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಪಿಂಚಣಿ ಪುಸ್ತಕದ ಮಾತು ಏನಾಯಿತೆಂದು ಮೆಲ್ಲಗೆ ಕೇಳಿದ.

"ನನ್ನ ಪೆಟ್ಟಿಗೇಲೇ ಇರುತ್ತೆ. ಮುಂದಿನ ವರ್ಷದ ಟಿಕೆಟ್ಟಿಗೆ ಬೇಕಲ್ಲ."

ಫೋನಿನಲ್ಲಿ ಏಣಿ ಹತ್ತಿದ ಕತೆ ಕೇಳಿದ್ದ ಅತ್ತಿಗೆ ಒಳಗಿನಿಂದಲೇ ಕೂಗಿದಳು, "ನಂಗೂ ಒಂದು ತೆಗ್ಸು. ಮೇಲಿನ ಮಂಚ ಆದ್ರೂ ಪರ್ವಾಗಿಲ್ಲ."