ಫಿಲಿನ್ನಳ ಹಿತ್ತಲ ಬಾಗಿಲು

ತೆಗಿಯ ಎಂಬ ಊರಿನ ಫಿಲಿನ್ನಳ ಮಂಡಿ ಸವೆದದ್ದು ಬೀಸುವ ಕಲ್ಲಿನ ಮುಂದೆ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಊರವರ ಬಾರ್ಲಿ ಬೀಸಿಯೇ ಮಗ ತೆಲೆಸಾನನನ್ನು ಕುಸ್ತಿಪಟು ಮಾಡಿದಳು. ಆದರೆ ಮದುವೆಯಾದ ಹೆಂಗಸು ಒಲಿಂಪಿಯದ ಕ್ರೀಡಾಹಬ್ಬದ ಕಣಕ್ಕೆ ಕಾಲಿಡುವಂತಿಲ್ಲ. ಹೆತ್ತವಳನ್ನೇ ಹೊರಗಿಡುವ ಅದೆಂಥ ಹಬ್ಬವೋ, ದೇವರಿಗೇ ಗೊತ್ತು.

ಈ ಸಲ ಸುದ್ದಿ ಮಗನಿಗಿಂತ ಮೊದಲೇ ಬಂತು. ಓಟದಲ್ಲಿ ಊರಿನವನೇ ಒಬ್ಬ ಗೆದ್ದಿದ್ದ. ಕುಸ್ತಿಯಲ್ಲಿ ತೆಲೆಸಾನ್ ಮೂರು ಸಲ ಮಣ್ಣು ಮುಕ್ಕಿದ್ದ. ಗೆದ್ದವನು ಬರುವ ದಿನ ಊರಿಗೆ ಊರೇ ಹೆಬ್ಬಾಗಿಲಿಗೆ ಓಡಿತು. ಫಿಲಿನ್ನ ಮಾತ್ರ ಹಿತ್ತಲ ಬಾಗಿಲು ತೆರೆದು ಹೊಸ್ತಿಲ ಮೇಲೆ ಕುಳಿತಳು. ಸೋತವರು ಬರುವುದು ಹಿಂದಿನ ಓಣಿಯಲ್ಲೇ, ಅದೂ ಬಂದರೆ. ಹಿಂದೊಮ್ಮೆ ಸೋತ ಕುಂಬಾರರ ಮಗ ನಾಚಿಕೆಗೆ ಪರದೇಶದ ಸೈನ್ಯ ಸೇರಿದವನು ಇಂದಿಗೂ ಮನೆ ಮುಖ ನೋಡಿಲ್ಲ. ಅವಳು ಓಣಿಯ ತಿರುವಿನಿಂದ ಕಣ್ಣು ಕೀಳಲಿಲ್ಲ.

ಹೂವಿನ ಬುಟ್ಟಿ ಹೊತ್ತ ಪಕ್ಕದ ಮನೆಯ ಬಿಟ್ಟೊ ಇಣುಕಿದಳು. "ಬಾರೇ, ಗೆದ್ದವನ ಮೈಯೆಣ್ಣೆ ಒಂಚೂರು ಕೇಳಿ ತರೋಣ. ನಿನ್ನ ಮಂಡಿಗೆ ಒಳ್ಳೇದು."

ಆಟಗಾರರ ಮೈಯಿಂದ ಕೆರೆದು ತೆಗೆದ ಎಣ್ಣೆ, ಬೆವರು, ಮಣ್ಣು ಕೀಲುನೋವಿಗೆ ಮದ್ದು. ಗೆದ್ದವನದಾದರೆ ಗುಣ ಹೆಚ್ಚೆಂದು ಊರವರ ನಂಬಿಕೆ.

"ನನ್ನ ಮಂಡಿ ಕಾಯ್ತಿರೋದು ಬೇರೆಯವನನ್ನ. ನೀ ಹೋಗು, ಹೂವು ಬಾಡುತ್ತೆ."

ಬಿಸಿಲು ಇಳಿಯುವ ಹೊತ್ತಿಗೆ ಓಣಿಯ ತಿರುವಿನಲ್ಲಿ ತೆಲೆಸಾನ್ ಕಂಡ. ಒಂದು ಕಿವಿ ಊದಿತ್ತು. ತೆರೆದ ಬಾಗಿಲು ನೋಡಿ ನಿಂತುಬಿಟ್ಟ.

"ಈ ಕಡೆಯಿಂದ ಬರ್ತೀನಿ ಅಂತ ಹೇಗೆ ಗೊತ್ತಾಯ್ತಮ್ಮ?"

"ಆ ಕಡೆಯಿಂದ ಬರೋನಿಗೆ ಕಾಯೋಕೆ ಊರೇ ಇದೆಯಲ್ಲ. ಬಾ, ಗಂಜಿ ಆರ್ತಿದೆ."

ಅವನು ಪಕ್ಕದಲ್ಲಿ ಕುಸಿದು ಕುಳಿತ. ಸೊಂಟದಿಂದ ಪುಟ್ಟ ಕುಡಿಕೆಯೊಂದನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡ.

"ನಿನ್ನ ಮಂಡಿಗೆ ಗೆದ್ದವನ ಮೈಯೆಣ್ಣೆ ತರ್ತೀನಿ ಅಂದಿದ್ದೆ. ಇದು ನಂದೇ, ಸೋತವನದು. ಎಸೆದುಬಿಡಮ್ಮ."

ಫಿಲಿನ್ನ ಕಾಲು ಚಾಚಿದಳು. "ಹಚ್ಚು."

ಅವನು ತಲೆ ತಗ್ಗಿಸಿ ಹಚ್ಚತೊಡಗಿದ. ಚರ್ಮಕ್ಕೆ ಏನೋ ಒರಟಾಗಿ ತಗುಲಿತು.

"ಮರಳೇನೋ ಇದು?"

"ಕಣದ್ದು. ಮೂರು ಸಲ ಬಿದ್ದೆನಲ್ಲ, ಬೇಕಾದಷ್ಟು ಅಂಟಿತ್ತು."

ಫಿಲಿನ್ನ ಮಂಡಿ ಮೇಲಿನ ಮರಳನ್ನು ಬೆರಳಿಂದ ಮುಟ್ಟಿದಳು. ತನಗೆ ಕಾಲಿಡಲು ಬಿಡದ ನೆಲ. ಮಗ ಅದನ್ನು ಮೈಮೇಲೆ ಹೊತ್ತು ತಂದಿದ್ದ. ಅವಳಿಗೆ ಅಳು ಬಂತು, ಸಂತೋಷಕ್ಕೆ.

"ಆ ಮಂಡಿಗೂ ಹಚ್ಚು," ಎಂದಳು.