ಹೊರಠಾಣೆಯ ಹೊಳಬಸಪ್ಪ

ಅಮೀನಗಡದ ಅಂಚೆ ಕಚೇರಿಯಲ್ಲಿ ನಾನು ಹನ್ನೆರಡು ವರ್ಷ ಗುಮಾಸ್ತನಾಗಿದ್ದೆ. ಊರಲ್ಲಿ ಟೆಲಿಫೋನು ಅಂತ ಇದ್ದದ್ದು ಅಲ್ಲೊಂದೇ ಕಡೆ. ಎಲ್ಲಾದರೂ ಬೆಂಕಿ ಬಿದ್ದರೆ ಸುದ್ದಿ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ಅದನ್ನು ಊರಾಚೆ ಇದ್ದ ಅಗ್ನಿಶಾಮಕ ಹೊರಠಾಣೆಗೆ ಮುಟ್ಟಿಸುವುದು ನನ್ನ ಕೆಲಸ. ಹೊಳಬಸಪ್ಪನ ಪರಿಚಯವಾದದ್ದು ಹಾಗೆ.

1978ರ ಫೆಬ್ರವರಿಯಲ್ಲಿ ಅವನು ಆ ಹೊರಠಾಣೆಯ ಮುಖ್ಯಸ್ಥನಾಗಿ ಬಂದ. ಕಲಾದಗಿಯ ಕಡೆಯವನು, ಮೂವತ್ತೊಂದು ವರ್ಷ, ಮಾತು ಕಡಿಮೆ. ಠಾಣೆ ಅಂದರೆ ಹಳೆಯ ಹತ್ತಿ ಗೋದಾಮು. ಒಳಗೆ ಒಂದು ಬೆಂಕಿ ಆರಿಸುವ ಗಾಡಿ, ಮೂಲೆಯಲ್ಲಿ ಕೆಟ್ಟು ನಿಂತ, ಗಾಡಿಯ ಹಿಂದೆ ಕಟ್ಟಿ ಎಳೆಯುವ ಒಂದು ಗಾಲಿ ಪಂಪು, ಎಂಟು ಜನ. ಆ ಎಂಟು ಜನರಲ್ಲಿ ಹಿರಿಯ ಡ್ರೈವರ್ ರಾಜಮಹ್ಮದ. ಒಂಬತ್ತು ವರ್ಷದಿಂದ ಠಾಣೆಯನ್ನು ನಡೆಸಿಕೊಂಡು ಬಂದವನು ಖರೆ ಹೇಳಬೇಕೆಂದರೆ ಅವನೇ. ತನಗಿಂತ ಹನ್ನೆರಡು ವರ್ಷ ಚಿಕ್ಕವನೊಬ್ಬ ಬಂದು ಕುರ್ಚಿಯಲ್ಲಿ ಕುಳಿತದ್ದು ಅವನಿಗೆ ಸೇರಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ. ಉಳಿದವರು ಅವನ ಮುಖ ನೋಡಿ ನಡೆಯುತ್ತಿದ್ದರು.

ಹೊಳಬಸಪ್ಪ ಬಂದು ಹನ್ನೊಂದನೆಯ ದಿನ ಕಮತಗಿಯಿಂದ ಕರೆ ಬಂತು. ಬೋರವ್ವ ಎಂಬ ಹೆಣ್ಣುಮಗಳ ಹಿತ್ತಲಿನ ಜೋಳದ ಕಣಕಿಯ ಬಣವಿಗೆ ಬೆಂಕಿ ಹತ್ತಿತ್ತು. ಗಾಡಿ ಅರ್ಧ ತಾಸಿನೊಳಗೆ ಹೋಗಿ ಮುಟ್ಟಿತು. ಟಾಕಿಯ ನೀರು ಆರು ನಿಮಿಷಕ್ಕೆ ಖಾಲಿಯಾಯಿತು. ಬಾವಿಗೆ ಪೈಪು ಬಿಟ್ಟರೆ ಗಾಡಿಯ ಪಂಪು ನೀರು ಎತ್ತಲೇ ಇಲ್ಲ. ಎಲ್ಲೋ ಗಾಳಿ ಎಳೆಯುತ್ತಿತ್ತು. ಕೊಡ, ಬಕೀಟು ಹಿಡಿದು ಓಡಾಡುವುದರೊಳಗೆ ಬೆಂಕಿ ಬಣವಿಯಿಂದ ದನದ ಕೊಟ್ಟಿಗೆಗೆ ಹೋಯಿತು. ಎರಡು ಎತ್ತು, ಒಂದು ಎಮ್ಮೆ ಸತ್ತವು.

ಬೋರವ್ವ ಅಳಲಿಲ್ಲ, ಬೈಯಲೂ ಇಲ್ಲ. ಹೊಳಬಸಪ್ಪನ ಎದುರು ಬಂದು ನಿಂತು, "ಗಾಡಿ ತಂದ್ರಿ, ನೀರ ತರಲಿಲ್ಲಲ್ಲೋ ಯಪ್ಪಾ" ಅಂದಳು.

ಮರುದಿನ ಮೇಲಿನ ಕಚೇರಿಗೆ ವರದಿ ಹೋಗಬೇಕಾಗಿತ್ತು. ಪಂಪಿನ ಉಸ್ತುವಾರಿ ಡ್ರೈವರನದು. ಹೊಳಬಸಪ್ಪ ಅವನ ಹೆಸರು ಬರೆದು ಕೈತೊಳೆದುಕೊಳ್ಳುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರು. ಅಂಚೆಗೆ ಹಾಕಲು ಬಂದಾಗ ಹೊಳಬಸಪ್ಪ ಲಕೋಟೆ ಅಂಟಿಸುವ ಮೊದಲು ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಮತ್ತೊಮ್ಮೆ ಓದಿದ, ನಾನೂ ಓದಿದೆ. 'ಅಧಿಕಾರ ವಹಿಸಿಕೊಂಡ ಹನ್ನೊಂದು ದಿನಗಳಲ್ಲಿ ಒಮ್ಮೆಯೂ ಬಾವಿಗೆ ಪಂಪು ಹಚ್ಚಿ ಪರೀಕ್ಷಿಸಲಿಲ್ಲ. ತಪ್ಪು ನನ್ನದು' ಎಂದು ಬರೆದಿದ್ದ. ಕೆಳಗೆ ಇನ್ನೊಂದು ಸಾಲಿತ್ತು: ಪಂಪಿನ ರಬ್ಬರ್ ವಾಸರ್ ಸವೆದು ಗಾಳಿ ಎಳೆಯುತ್ತಿದೆ ಎಂದು ಡ್ರೈವರ್ ರಾಜಮಹ್ಮದ ಮೂರು ವರ್ಷದಲ್ಲಿ ಏಳು ಅರ್ಜಿ ಬರೆದಿದ್ದಾನೆ, ಅವುಗಳ ತಾರೀಖು ಇಂಥಿಂಥವು. ಹಿಂದಿನ ಫೈಲನ್ನೆಲ್ಲ ಕುಳಿತು ಹುಡುಕಿ ತೆಗೆದಿದ್ದನಂತೆ.

ಉತ್ತರ ಬರಲಿಲ್ಲ, ವಾಸರೂ ಬರಲಿಲ್ಲ. ಒಂದು ವಾರ ಕಾದು ಹೊಳಬಸಪ್ಪ ಬಾಗಲಕೋಟೆಗೆ ಹೋಗಿ ಟಾಯರ್ ಅಂಗಡಿಯೊಂದರಿಂದ ಲಾರಿಯ ಹಳೇ ಟ್ಯೂಬು ತಂದ. ಅದನ್ನು ರಾಜಮಹ್ಮದನ ಮುಂದಿಟ್ಟು, ಅಳತೆ ನಿಮಗೇ ಗೊತ್ತು, ನೀವು ಹೇಳಿದಂತೆ ನಾನು ಕೊಯ್ಯುತ್ತೇನೆ ಅಂದನಂತೆ. ಇಬ್ಬರೂ ಗೋದಾಮಿನ ಬಾಗಿಲಲ್ಲಿ ಕುಳಿತು ಮಧ್ಯಾಹ್ನವೆಲ್ಲ ರಬ್ಬರು ಕೊಯ್ದರು. ನಾಲ್ಕನೆಯ ವಾಸರು ಸರಿಯಾಗಿ ಕೂತಿತು. ಸಂಜೆ ಠಾಣೆಯ ಪಕ್ಕದ ಬಾವಿಗೆ ಪೈಪು ಬಿಟ್ಟರೆ ನೀರು ಗೋದಾಮಿನ ಮಾಳಿಗೆ ದಾಟಿ ಆಚೆ ಬಿತ್ತು. ರಾಜಮಹ್ಮದ ಅಂದು ಮೊದಲ ಸಲ ಅವನ ಜೊತೆ ಚಹಾ ಕುಡಿದ.

ಅಷ್ಟಕ್ಕೇ ಎಲ್ಲ ಸರಿಯಾಯಿತು ಎಂದಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಕವಾಯತು ಶುರುಮಾಡಿದಾಗ ಮಂದಿ ಗೊಣಗಿದರು. ಎರಡನೆಯ ಡ್ರೈವರ್ ಯಂಕಪ್ಪನಂತೂ ಎದುರಿಗೇ ಕೇಳಿದ, ಬೆಂಕಿ ಇಲ್ಲದಾಗ ಪೈಪು ಹೊತ್ತು ಓಡುವುದು ಯಾತಕ್ಕೆ ಎಂದು. ಇಬ್ಬರು ವರ್ಗ ಮಾಡಿಸಿಕೊಳ್ಳಲು ಅರ್ಜಿ ಬರೆದರು. ಹೊಳಬಸಪ್ಪ ಅರ್ಜಿಗಳನ್ನು ತಡೆಯಲಿಲ್ಲ, ಕವಾಯತನ್ನೂ ನಿಲ್ಲಿಸಲಿಲ್ಲ. ಬದಲಿಗೆ ಒಂದು ಹೊಸ ಪದ್ಧತಿ ತಂದ. ವಾರಕ್ಕೊಬ್ಬರು ಮುಖ್ಯಸ್ಥರು. ಆ ವಾರ ಅವರು ಕೂಗಿದ ಹುಕುಮಿನಂತೆ ಎಲ್ಲರೂ ಓಡಬೇಕು, ಹೊಳಬಸಪ್ಪನೂ ಸೇರಿ. ಯಂಕಪ್ಪನ ಪಾಳಿ ಬಂದಾಗ ಅವನು ಬೇಕೆಂದೇ ಹೊಳಬಸಪ್ಪನ ಹೆಗಲಿಗೆ ಎರಡೆರಡು ಪೈಪು ಹೊರಿಸಿ ಬಾವಿಗೂ ಗೋದಾಮಿಗೂ ಅಲೆಸಿದ. ಹೊಳಬಸಪ್ಪ ಹೊತ್ತುಕೊಂಡೇ ಓಡಿದ. ಮೂರನೆಯ ದಿನಕ್ಕೆ ಯಂಕಪ್ಪನಿಗೇ ಸಾಕಾಗಿ, ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡತೊಡಗಿದ.

ಆಮೇಲೆ ಬಾವಿಗಳ ಲೆಕ್ಕ ಬಂತು. ನಮ್ಮ ಕಡೆ ನಳದ ನೀರೆಲ್ಲಿ? ಬೆಂಕಿಗೆ ಬಾವಿಯೇ ಗತಿ. ಆ ಪಂಪು ನೀರೆಳೆಯುವುದು ಇಪ್ಪತ್ತನಾಲ್ಕು ಅಡಿಯವರೆಗೆ ಮಾತ್ರ. ನೀರು ಅದಕ್ಕಿಂತ ಕೆಳಗಿದ್ದರೆ ಬಾವಿ ತುಂಬಿದ್ದರೂ ಉಪಯೋಗವಿಲ್ಲ. ಆದ್ದರಿಂದ ಹೊಳಬಸಪ್ಪ ಪ್ರತಿ ಬ್ಯಾಸಗಿಯಲ್ಲಿ ಇಬ್ಬಿಬ್ಬರನ್ನು ಸೈಕಲ್ಲಿನ ಮೇಲೆ ಹಳ್ಳಿಹಳ್ಳಿಗೆ ಕಳಿಸಿದ, ತಾನೂ ಹೋದ. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಬಿಡುವುದು, ನೀರು ಎಷ್ಟು ಆಳದಲ್ಲಿದೆ, ಗಾಡಿ ಎಲ್ಲಿವರೆಗೆ ಹೋಗುತ್ತದೆ ಎಂದು ಒಂದು ಲೆಕ್ಕದ ವಹಿಯಲ್ಲಿ ಬರೆದುಕೊಳ್ಳುವುದು. ನೀರಿಗೆ ಬಂದ ಹೆಣ್ಣುಮಕ್ಕಳು, ಸರ್ಕಾರದವರು ಬಾವಿಗೂ ಕಂದಾಯದ ಪಟ್ಟಿ ಹಾಕುತ್ತಾರೇನೋ ಎಂದು ಗಾಬರಿಯಾಗುತ್ತಿದ್ದರಂತೆ. ಐದು ವರ್ಷದಲ್ಲಿ ಹುನಗುಂದ, ಇಲಕಲ್ಲ, ಕಮತಗಿ ಸುತ್ತಿನ ಮುನ್ನೂರಕ್ಕೂ ಮೇಲೆ ಬಾವಿಗಳು ಆ ವಹಿಯಲ್ಲಿ ಸೇರಿದವು. ಕೆಟ್ಟು ನಿಂತಿದ್ದ ಎಳೆಯುವ ಪಂಪನ್ನು ರಾಜಮಹ್ಮದ ತಾನಾಗಿಯೇ ಬಿಚ್ಚಿ, ಎರಡು ವರ್ಷ ಹಿಡಿದು, ರಿಪೇರಿ ಮಾಡಿ ನಿಲ್ಲಿಸಿದ್ದ.

1983ರ ಏಪ್ರಿಲ್‌ನಲ್ಲಿ ಮೇಲಿನಿಂದ ಒಂದು ಆದೇಶ ಬಂತು. ಬಾದಾಮಿಗೆ ದೊಡ್ಡವರೊಬ್ಬರು ಹೆಲಿಕಾಪ್ಟರಿನಲ್ಲಿ ಬರುತ್ತಾರೆ, ಗಾಡಿ ಸಮೇತ ಸಿಬ್ಬಂದಿಯೆಲ್ಲ ಮೂರು ದಿನ ಅಲ್ಲಿರಬೇಕು. ಕಡು ಬ್ಯಾಸಗಿ. ಊರೂರಲ್ಲಿ ಬಣವಿ ಒಟ್ಟಿದ ದಿನಗಳು. ಹೊಳಬಸಪ್ಪ ಆದೇಶ ಹಿಡಿದುಕೊಂಡು ನನ್ನ ಕಚೇರಿಗೆ ಬಂದು, ಮೇಲಧಿಕಾರಿಗೆ ಫೋನು ಹಚ್ಚಿಸಿ, ಅರ್ಧ ಜನರನ್ನು ಇಲ್ಲಿ ಬಿಡಲು ಕೇಳಿದ. ಆ ಕಡೆಯವರು ಆಗುವುದಿಲ್ಲ ಅಂದರು. ಫೋನು ಇಟ್ಟವನು ಆದೇಶವನ್ನು ಮಡಚಿ ಕಿಸೆಗಿಟ್ಟ. ಆಮೇಲೆ, "ಗಾಡಿ ಒಯ್ತೇನಿ. ಮಂದೀನ್ನೆಲ್ಲ ಒಯ್ಯೂದಿಲ್ಲ" ಎಂದು ಹೇಳಿ ಹೋದ.

ಯಂಕಪ್ಪನನ್ನೂ ಮತ್ತಿಬ್ಬರನ್ನೂ ಕರೆದುಕೊಂಡು ಗಾಡಿಯೊಂದಿಗೆ ಬಾದಾಮಿಗೆ ಹೋದ. ರಾಜಮಹ್ಮದ ಮತ್ತು ಉಳಿದ ನಾಲ್ವರು, ಎಳೆಯುವ ಪಂಪು ಹಾಗೂ ಬಾವಿಗಳ ವಹಿಯೊಂದಿಗೆ ಠಾಣೆಯಲ್ಲಿ ಉಳಿದರು. ಪಂಪನ್ನು ಎಳೆಯಲು ಗಾಡಿ ಇಲ್ಲವಲ್ಲ ಎಂದು ರಾಜಮಹ್ಮದ ಕೇಳಿದ್ದಕ್ಕೆ, ರಸ್ತೆ ಐತಲ್ಲ, ರಸ್ತೆ ಮೇಲೆ ಲಾರಿ ಅದಾವಲ್ಲ ಅಂದಿದ್ದನಂತೆ.

ಎರಡನೆಯ ದಿನ ಮಧ್ಯಾಹ್ನ ಒಂದೂವರೆಗೆ ಇಲಕಲ್ಲದಿಂದ ಕರೆ ಬಂತು. ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಮನೆಯೊಂದಕ್ಕೆ ಬೆಂಕಿ ಬಿದ್ದಿದೆ, ಪಕ್ಕದ ಮನೆಗೆ ಹತ್ತುತ್ತಿದೆ, ಓಣಿ ತುಂಬ ಮಗ್ಗಗಳು. ನಾನು ಠಾಣೆಗೆ ಆಳನ್ನು ಓಡಿಸಿದೆ. ಮತ್ತೆ ಬಾದಾಮಿಯ ಪೊಲೀಸರಿಗೆ ಫೋನು ಹಚ್ಚಿ ಹೊಳಬಸಪ್ಪನನ್ನು ಕರೆಸಲು ಹೇಳಿದೆ. ಹತ್ತು ನಿಮಿಷಕ್ಕೆ ಅವನು ಬಂದ. ನಾನು ವಿಷಯ ಹೇಳಿ, ಏನು ಮಾಡಲಿ ಎಂದು ಕೇಳಿದೆ.

"ನಾ ಹೊಂಟರೂ ಎರಡು ತಾಸು ಹಿಡಿತೈತಿ" ಅಂದ. "ಅಲ್ಲಿ ರಾಜಮಹ್ಮದವರು ಅದಾರ. ಅವರು ಹೇಳಿದಂಗ ಮಾಡ್ರಿ. ನನ್ನ ಹುಕುಮಿನ ಹಾದಿ ಕಾಯಬ್ಯಾಡ್ರಿ."

ಅಷ್ಟರಲ್ಲಿ ರಾಜಮಹ್ಮದ, ಕಲ್ಲು ತುಂಬಲು ಇಲಕಲ್ಲದ ಗಣಿಗೆ ಖಾಲಿ ಹೊರಟಿದ್ದ ಲಾರಿಯೊಂದಕ್ಕೆ ಅಡ್ಡ ನಿಂತು, ಅದರ ಹಿಂದೆ ಪಂಪು ಸಿಕ್ಕಿಸಿಕೊಂಡು ಹೋಗಿಬಿಟ್ಟಿದ್ದ. ಮುಂದಿನದನ್ನು ನಾನು ಆ ಓಣಿಯ ಇಂದ್ರವ್ವನಿಂದ ಕೇಳಿದ್ದು. ಸೀರೆ ನೇಯುವ ಆಕೆಯ ಮನೆ ಬೆಂಕಿಯಿಂದ ಮೂರನೆಯದು.

ಓಣಿಯೊಳಗೆ ಲಾರಿ ಹೋಗಲಿಲ್ಲ. ಐದು ಜನ ಪಂಪನ್ನು ಕೈಯಿಂದ ತಳ್ಳಿಕೊಂಡು ಬಂದರು. ಬೆಂಕಿಯ ಮಗ್ಗುಲಲ್ಲೇ ಒಂದು ಬಾವಿ. ಜನ ಅಲ್ಲಿಗೇ ಪೈಪು ಬಿಡಲು ಕೂಗಿದರು. ರಾಜಮಹ್ಮದ ವಹಿ ತೆಗೆದು ನೋಡಿದ. ಆ ಬಾವಿಯ ನೀರು ಏಪ್ರಿಲ್‌ನಲ್ಲಿ ಮೂವತ್ತೊಂದು ಅಡಿ ಕೆಳಗೆ. ಹಿಂದಿನ ಓಣಿಯ ಬಾವಿಯದು ಇಪ್ಪತ್ತೆರಡು. ಅವನು ಪಂಪನ್ನು ಹಿಂದಿನ ಓಣಿಗೆ ತಿರುಗಿಸಿದ. ಬೆಂಕಿ ಬಿಟ್ಟು ಓಡಿಹೋಗುತ್ತಾರೆ ಎಂದು ತಿಳಿದು ಜನ ಪಂಪಿಗೆ ಅಡ್ಡ ಬಂದರು. ಒಬ್ಬ ಅವನ ಅಂಗಿ ಹಿಡಿದ. "ಕೈ ಬಿಡ್ರಿ. ಬಾವಿ ಐತಿ, ಆದ್ರ ನೀರು ಏರೂದಿಲ್ಲ. ನಾಲ್ಕು ಮಂದಿ ಬಂದು ದಬ್ಬರಿ" ಅಂದನಂತೆ, ದನಿ ಏರಿಸದೆ. ಮೊದಲು ಕೈ ಹಚ್ಚಿದವಳು ತಾನೇ ಎಂದು ಇಂದ್ರವ್ವ ಹೇಳುತ್ತಿದ್ದಳು.

ಪೈಪಿಗೆ ಪೈಪು ಜೋಡಿಸಿ ನೀರು ತಂದರು. ಎರಡು ಮನೆ ಸುಟ್ಟವು. ಮೂರನೆಯದರ ಬಾಗಿಲು ಕರಕಲಾಗಿ ನಿಂತಿತು. ಓಣಿಯ ನಲವತ್ತು ಮಗ್ಗ ಉಳಿದವು, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ರಾಜಮಹ್ಮದನ ಎರಡೂ ಅಂಗೈ ಬೊಕ್ಕೆ ಎದ್ದು, ಅವನು ಹದಿನೈದು ದಿನ ದವಾಖಾನೆಗೆ ಓಡಾಡಿದ.

ಹೊಳಬಸಪ್ಪ ಬಾದಾಮಿಯಿಂದ ಬಂದವನು ಆ ಅಂಗೈಗಳನ್ನು ಹಿಡಿದು ನೋಡಿದ. ಎಷ್ಟು ಹೊತ್ತು ಹಿಡಿಯಿತು, ಯಾವ ಪೈಪು ಸೋರಿತು ಎಂದು ಕೇಳಿ ಬರೆದುಕೊಂಡ. ಹೊಗಳಿದ್ದು ಕಡಿಮೆ. ಆ ದಿನ ಬಾದಾಮಿಯ ಬಿಸಿಲಲ್ಲಿ ನಿಂತು ಎಷ್ಟು ಸಂಕಟಪಟ್ಟಿದ್ದ ಎನ್ನುವುದನ್ನು ಬಹಳ ದಿನದ ಮೇಲೆ ನನ್ನೊಬ್ಬನ ಹತ್ತಿರ ಹೇಳಿದ.

ಒಂದು ತಿಂಗಳಿಗೆ ಅವನ ಹೆಸರಿಗೆ ನೋಟೀಸು ಬಂತು: ಆದೇಶ ಮೀರಿ ಸಿಬ್ಬಂದಿಯನ್ನು ಏಕೆ ಬಿಟ್ಟು ಬಂದಿರಿ? ಇಲಕಲ್ಲದ ಜನ ಉಳಿದರು ಎಂದು ಬರೆದು ಬಚಾವಾಗಬಹುದಿತ್ತು. ಅವನು ಹಾಗೆ ಬರೆಯಲಿಲ್ಲ. ಬೆಂಕಿ ಬೀಳದೇ ಹೋಗಿದ್ದರೂ ನಾನು ಬಿಟ್ಟೇ ಬರುತ್ತಿದ್ದೆ, ಮುಂದೆಯೂ ಬಿಡುತ್ತೇನೆ ಎಂದು ಉತ್ತರ ಕೊಟ್ಟ. ಒಂದು ವರ್ಷದ ಸಂಬಳದ ಬಡ್ತಿ ಹೋಯಿತು. ಇದನ್ನು ಠಾಣೆಯವರಿಗೆ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದ.

1985ರಲ್ಲಿ ಅವನಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಠಾಣೆಯನ್ನು ರಾಜಮಹ್ಮದನ ಕೈಗೆ ಕೊಡಬೇಕೆಂದು ಬರೆದ. ಡ್ರೈವರನಿಗೆ ಠಾಣೆ ಒಪ್ಪಿಸುವ ರೂಢಿ ಇಲ್ಲ ಎಂದು ಉತ್ತರ ಬಂತು. ಮತ್ತೆ ಬರೆದ. ಆಮೇಲೆ ಮೂರು ಸಲ ಬಸ್ಸು ಹತ್ತಿ ಮೇಲಿನ ಕಚೇರಿಗೆ ಹೋಗಿ, ಸಾಹೇಬರ ಬಾಗಿಲ ಮುಂದೆ ದಿನವಿಡೀ ಕುಳಿತು ಬಂದ. ಮೂರನೆಯ ಸಲ, ಹೊಸಬರು ಬರುವ ತನಕ ಎಂಬ ಷರತ್ತಿನ ಮೇಲೆ ಆದೇಶ ಕೈಗೆ ಸಿಕ್ಕಿತು. ಹೊಸಬರು ಬಂದದ್ದು ನಾಲ್ಕು ವರ್ಷಕ್ಕೆ. ಅಷ್ಟೂ ವರ್ಷ ಬೆಂಕಿಯ ಕರೆ ಬಂದಾಗ ನಾನು ಆಳನ್ನು ಓಡಿಸುತ್ತಿದ್ದದ್ದು ರಾಜಮಹ್ಮದನ ಹತ್ತಿರಕ್ಕೆ.