ಬಿರಬಿರನೆ ಹಾಕಿದ ಪ್ರದಕ್ಷಿಣೆ

ನಮ್ಮ ಟೀಚರಮ್ಮನ ಹಿಮ್ಮಡಿಯ ಬಿರುಕಿನಲ್ಲಿ ಒಂದು ಹುಣಿಸೆಬೀಜ ನಿಲ್ಲುತ್ತಿತ್ತು. ಮಾತಿಗೆ ಹೇಳುತ್ತಿಲ್ಲ, ನಾವೇ ಇಟ್ಟು ನೋಡಿದ್ದೆವು. ಮಧ್ಯಾಹ್ನದ ಬಿಡುವಿನಲ್ಲಿ ಅವರು ಸ್ಕೂಲಿನ ಜಗಲಿಯ ಮೇಲೆ ಕಾಲು ಚಾಚಿ, ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದರು. ನಾವು ಮೂವರು ಹುಡುಗಿಯರು ಉಸಿರು ಬಿಗಿಹಿಡಿದು ಬಗ್ಗಿ ಬೀಜ ಸಿಕ್ಕಿಸಿದೆವು. ಅವರು ಕಣ್ಣು ತೆರೆಯಲೂ ಇಲ್ಲ. "ಇನ್ನೊಂದು ಕಾಲಿಗೂ ಇಡ್ರೇ, ಇಲ್ದಿದ್ರೆ ಅದು ಬೇಜಾರು ಮಾಡಿಕೊಳ್ಳುತ್ತೆ" ಅಂದರು.

ಆ ಪಾದಗಳು ಹಾಗಾದದ್ದು ನಡೆದು ನಡೆದು. ಮಧುಗಿರಿಯ ಯಾವ ಬೀದಿಯಲ್ಲಿ ನೋಡಿದರೂ ಅವರು ಸಿಗುತ್ತಿದ್ದರು. ಅಂಚಿಲ್ಲದ ಬಿಳಿ ಸೀರೆಯನ್ನು ನಾಲ್ಕು ಬೆರಳು ಮೇಲೆತ್ತಿ ಉಟ್ಟು, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು, ಬಸ್ಸು ತಪ್ಪಿಹೋಗುತ್ತದೆ ಅನ್ನುವ ಹಾಗೆ ಹೋಗುತ್ತಿದ್ದರು. ಈಗ ನನ್ನ ಮಂಡಿಗಳು ಕೈಕೊಟ್ಟಿವೆ. "ದಿನಾ ಸ್ವಲ್ಪ ನಡೀರಿ ಅಜ್ಜಿ" ಅನ್ನುತ್ತಾರೆ ಡಾಕ್ಟರು. ನಡೆಯುವ ಮಾತು ಹಾಗಿರಲಿ, ಅವರಿಗೆ "ಆಗಲಪ್ಪ" ಅನ್ನುವುದಕ್ಕೂ ನನಗೆ ಸುಸ್ತು. ನಡೆಯುವ ವಯಸ್ಸಿನಲ್ಲಿ ಕೂರಿಸಿಟ್ಟು, ಕೂರುವ ವಯಸ್ಸಿನಲ್ಲಿ ನಡೆ ಅಂದರೆ ಈ ಮೈ ಯಾರ ಮಾತು ಅಂತ ಕೇಳಬೇಕು? ಆಸ್ಪತ್ರೆಯಿಂದ ಬರುವಾಗೆಲ್ಲ ಟೀಚರಮ್ಮ ನೆನಪಾಗುತ್ತಾರೆ.

ಮಹಾರಾಜರ ಕಾಲ, ಯುದ್ಧದ ವರ್ಷಗಳು. ಊರಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಅವರು ಲೆಕ್ಕ ಮತ್ತು ಡ್ರಿಲ್ ಎರಡನ್ನೂ ಹೇಳಿಕೊಡುತ್ತಿದ್ದರು. ಲೆಕ್ಕ ತಪ್ಪಿದರೆ ಸುಮ್ಮನಿರುತ್ತಿದ್ದರು, ಡ್ರಿಲ್ಲಿನಲ್ಲಿ ಮೈಗಳ್ಳತನ ಮಾಡಿದರೆ ಮಾತ್ರ ಬೈಗುಳ. ನಾವೆಲ್ಲ ಅಂಗಡಿಯವರ, ಅಮಲ್ದಾರರ ಕಚೇರಿಯವರ ಮನೆಯ ಮಕ್ಕಳು. ಹಿತ್ತಲಲ್ಲೇ ಬಾವಿ, ಕೊಟ್ಟಿಗೆಗೆ ಆಳು. ನಾಲ್ಕು ಸುತ್ತು ಓಡುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡು ಕುಸಿಯುತ್ತಿದ್ದೆವು. "ನಮ್ಮ ಶಿರಾ ಕಡೆ ಹುಲಿಕುಂಟೆಗೆ ಹೋಗಿ ನೋಡ್ರೇ. ಕುರಿ ಹಿಂದೆ ಓಡೋ ಹುಡುಗೀರ ಕಾಲು ಒನಕೆ ಇದ್ದಂಗಿರ್ತಾವೆ. ನಿಮ್ಮವು ಹುರುಳೀಕಾಯಿ" ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಆದರೆ ಆ ನಗುವಿನಲ್ಲಿ ಯಾವಾಗಲೂ ಒಂದು ದಣಿವು ಇರುತ್ತಿತ್ತು.

ದಣಿವಿಗೆ ಕಾರಣವಿತ್ತು. ಕೆಳಗಿನ ತರಗತಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಹುಡುಗಿಯರು, ಮೇಲಿನ ತರಗತಿಗೆ ಬಂದರೆ ಒಂದು ಬೆಂಚಿನಲ್ಲಿ ಮುಗಿಯಿತು. ಹುಡುಗಿ ಮೈನೆರೆದಳೋ, ಸ್ಕೂಲು ಬಿಡಿಸಿ ಮನೆಯಲ್ಲಿ ಕೂರಿಸುತ್ತಿದ್ದರು. ಆಮೇಲೆ ಅವಳು ಹೊಸಿಲು ದಾಟುವುದು ಮದುವೆಯ ದಿನವೇ. ಬೆಳಿಗ್ಗೆ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ಟೀಚರಮ್ಮ ತಲೆ ಎತ್ತುತ್ತಿರಲಿಲ್ಲ. "ಇನ್ನೊಂದು ಕೂತಿತು" ಅಂತ ತಮ್ಮಷ್ಟಕ್ಕೆ ಅಂದುಕೊಂಡು ಮುಂದಿನ ಹೆಸರು ಕೂಗುತ್ತಿದ್ದರು.

ಇದರ ಮೇಲೆ ಒಂದು ಗಾಳಿಸುದ್ದಿ ಬೇರೆ ಹುಟ್ಟಿತು. ಜಪಾನಿನವರು ಬರ್ಮಾಕ್ಕೆ ನುಗ್ಗಿದ್ದಾರೆ, ಅದಕ್ಕೇ ಸರ್ಕಾರ ಹೆಣ್ಣುಮಕ್ಕಳಿಗೂ ಡ್ರಿಲ್ ಕಲಿಸುತ್ತಿದೆ, ಇನ್ನು ಪಟಾಲಮ್ಮಿಗೆ ಸೇರಿಸಿ ಹಡಗು ಹತ್ತಿಸುತ್ತದೆ ಅಂತ. ಯಾರು ಹುಟ್ಟಿಸಿದರೋ, ಸಂತೆ ಮುಗಿಯುವುದರೊಳಗೆ ಊರೆಲ್ಲ ನಂಬಿತ್ತು. ಮೊದಲು ಸ್ಕೂಲಿಗೆ ನುಗ್ಗಿದವಳು ನಮ್ಮಜ್ಜಿ. ಅವಳು ಪಾವಗಡದ ಕಡೆಯವಳು, ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು.

"ಚಾಲು ಚಾಲು! ಲೆಪ್ಟು ರೈಟು ಸಾಕು ಕಣಮ್ಮ. ನಮ್ಮುಡುಗಿ ಬಂದೂಕ ಹಿಡಿಯಾಕೆ ಹುಟ್ಟಿಲ್ಲ."

"ಬಂದೂಕ ಎಲ್ಲಿದೆ ಅಜ್ಜಮ್ಮ? ಕೈಕಾಲು ಆಡಿಸೋದು ಅಷ್ಟೆ" ಅಂದರು ಟೀಚರಮ್ಮ.

"ಕೈಕಾಲು ಆಡ್ಸಾಕೆ ಮನೇಲಿ ಒರಳುಕಲ್ಲಿಲ್ವಾ?"

ಒರಳುಕಲ್ಲು ಇತ್ತು, ಅದರ ಮುಂದೆ ಕೂರಲು ಆಳಿನವಳೂ ಇದ್ದಳು. ಆದರೂ ದೊಡ್ಡ ಹುಡುಗಿಯರಿಗೆ ಡ್ರಿಲ್ ನಿಂತುಹೋಯಿತು.

ಮುಂದಿನ ಯುಗಾದಿ ಕಳೆದ ಮೇಲೆ ನಾನೂ ಕೂತೆ. ಆರತಿ ಎತ್ತಿ, ಎಳ್ಳುಬೆಲ್ಲದ ಚಿಗಳಿ ತಿನ್ನಿಸಿ, ಹಾಡು ಹೇಳಿದ ಹೆಂಗಸರೆಲ್ಲ ಹೋದ ಮೇಲೆ ನಡುಮನೆಯ ಕಿಟಕಿಯೊಂದು ನನಗೆ ಉಳಿಯಿತು. ಅದರಲ್ಲಿ ನಮ್ಮೂರ ಬೆಟ್ಟ ಕಾಣುತ್ತಿತ್ತು, ಒಂದೇ ಕಲ್ಲು, ಆಕಾಶದರ್ಧ ಮುಚ್ಚುವಷ್ಟು. ಮೊದಮೊದಲು ಕೂರುವುದು ಸುಖವೆನ್ನಿಸಿತು. ಆಮೇಲೆ ಹಸಿವು ಹೋಯಿತು, ನಿದ್ದೆ ಹೋಯಿತು. ಹಿತ್ತಲಿಗೆ ಹೋಗಿಬಂದರೆ ತೊಡೆ ನಡುಗುತ್ತಿತ್ತು. ಸುಮ್ಮಸುಮ್ಮನೆ ಅಳು ಬರುತ್ತಿತ್ತು. ಅಮ್ಮ ದೃಷ್ಟಿ ತೆಗೆದಳು, ಅಪ್ಪ ನಮ್ಮ ಎಣ್ಣೆ ಮಂಡಿಯಿಂದ ಬರುತ್ತಾ ಪಂಡಿತರ ಲೇಹ್ಯ ತಂದರು. ನನಗೆ ಬೇಕಾಗಿದ್ದದ್ದು ಬಾಗಿಲಿನಾಚೆ ನಾಲ್ಕು ಹೆಜ್ಜೆ. ಅದನ್ನು ಕೇಳುವುದು ಹೇಗೆಂದು ಗೊತ್ತಿರಲಿಲ್ಲ.

ಒಂದು ಸಂಜೆ ಟೀಚರಮ್ಮ ಮನೆಗೆ ಬಂದರು. ಮತ್ತೆ ಸ್ಕೂಲಿಗೆ ಕಳಿಸಿ ಅನ್ನುತ್ತಾರೆಂದು ಅಜ್ಜಿ ಸೆರಗು ಬಿಗಿದು ಕೂತಿದ್ದಳು. ಅವರು ಸ್ಕೂಲಿನ ಮಾತೇ ಎತ್ತಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಮಜ್ಜಿಗೆ ಕುಡಿದು, "ಗಂಡು ನೋಡ್ತಿದ್ದೀರಾ ಅಜ್ಜಮ್ಮ?" ಅಂದರು.

"ನೋಡ್ತಾನೇ ಇದೀವಿ ಕಣಮ್ಮ. ಒಂದೂ ಕೂಡಿ ಬರ್ತಿಲ್ಲ."

"ಅರಳಿಕಟ್ಟೆ ಪ್ರದಕ್ಷಿಣೆ ಹಾಕಿಸಿ. ಬೆಳಗಿನ ಹೊತ್ತು, ದಿನಾ ತಪ್ಪದೆ ನೂರೆಂಟು. ನಮ್ಮ ಕಡೆ ಇದಕ್ಕೆ ಬೇಗ ಫಲ ಅಂತಾರೆ. ಜೊತೆಗೆ ನಾನಿರ್ತೀನಿ."

ಅಜ್ಜಿಯ ಮುಖ ಅರಳಿತು, ಕೂಡಲೇ ಬಾಡಿತು. ಗಂಡ ಸತ್ತವರು ಅಂಥ ಹರಕೆಯ ಜಾಗದಲ್ಲಿ ನಿಲ್ಲುವುದೇ? ಅದು ಅವಳ ಬಾಯಿಗೆ ಬರುವ ಮುಂಚೆ ಟೀಚರಮ್ಮನೇ ಹೇಳಿದರು: "ನಾನು ಕಟ್ಟೆ ಮುಟ್ಟೋದಿಲ್ಲ. ದೂರದಲ್ಲಿದ್ದು ಹುಡುಗೀರನ್ನ ನೋಡಿಕೋತೀನಿ." ಆ ಮಾತನ್ನು ಎಷ್ಟು ಮಾಮೂಲಾಗಿ ಅಂದರು ಅಂದರೆ, ಅದರಲ್ಲಿ ಏನು ನುಂಗಿದ್ದರು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಹೀಗೆ ನಾನು ಮತ್ತೆ ಹೊಸಿಲು ದಾಟಿದೆ. ಕಟ್ಟೆಯ ಹತ್ತಿರ ಹೋಗಿ ನೋಡಿದರೆ ಹಿಂದೆ ಕೂತಿದ್ದ ಇನ್ನೂ ನಾಲ್ಕಾರು ಹುಡುಗಿಯರು ಅಲ್ಲೇ ಇದ್ದರು. ಅವರ ಮನೆಗಳಲ್ಲೂ ಇದೇ ಮಜ್ಜಿಗೆ, ಇದೇ ಮಾತು ನಡೆದಿತ್ತು. ಕಟ್ಟೆಯ ಸುತ್ತ ಒಳಸುತ್ತು ನಮ್ಮದು. ಕಟ್ಟೆ ಮುಟ್ಟಬಾರದ ಟೀಚರಮ್ಮನದು ಹೊರಸುತ್ತು, ದೊಡ್ಡದು. ಹಾಗಾಗಿ ನಮ್ಮೆಲ್ಲರಿಗಿಂತ ಹೆಚ್ಚು ನಡೆಯುತ್ತಿದ್ದವರು ಅವರೇ. "ಬಿರಬಿರನೆ ನಡೀರೇ, ಅರಳೀಮರಕ್ಕೆ ತೂಕಡಿಕೆ ಬರ್ತಿದೆ" ಅಂತ ಅಲ್ಲಿಂದಲೇ ಕೂಗು. ಮೊದಲ ವಾರ ಮೀನಖಂಡ ಹಿಡಿದು ಅತ್ತೆ. ಆಮೇಲೆ ಹಸಿವು ಬಂತು. ಮನೆಗೆ ಹೋಗಿ ನಾನು ರೊಟ್ಟಿ ಮೇಲೆ ರೊಟ್ಟಿ ತಿನ್ನುವುದನ್ನು ನೋಡಿ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಒಂದು ದಿನ ನಡೆಯುತ್ತಲೇ ಅವರು ತಮ್ಮ ಕಥೆ ಹೇಳಿದರು. ಮದುವೆಯಾಗಿ, ವಿಧವೆಯಾಗಿ, ಶಿರಾದ ತಾಯಿಮನೆಯ ಒಂದು ಕೋಣೆಯಲ್ಲಿ ಬೆಳೆಯುವ ವಯಸ್ಸನ್ನೆಲ್ಲ ಕಳೆದವರು. ಕೊನೆಗೆ ಅಣ್ಣ ಧೈರ್ಯ ಮಾಡಿ ಟ್ರೈನಿಂಗಿಗೆ ಸೇರಿಸಿದ. ಅಲ್ಲಿ ಮೊದಲ ದಿನದ ಡ್ರಿಲ್ಲಿನಲ್ಲೇ ತಲೆತಿರುಗಿ ಬಿದ್ದರಂತೆ. "ಕೂತೂ ಕೂತೂ ಕಾಲಿಗೆ ನಡೆಯೋದೇ ಮರೆತುಹೋಗಿತ್ತು ಕಣ್ರೇ. ಮಗುವಿನ ಹಾಗೆ ಗೋಡೆ ಹಿಡಿದು ಕಲಿತೆ" ಅಂದರು. ನಾವು ನಡೆಯುವುದು ಬಿಟ್ಟು ನಿಂತೆವು. "ಕಥೆ ಕೇಳ್ತಾ ನಿಂತ್ರಾ? ನಡೀರಿ" ಅಂತ ಗದರಿದರು.

ನಮ್ಮ ಪ್ರದಕ್ಷಿಣೆಯ ರಭಸದ ಸುದ್ದಿ ಅಜ್ಜಿಯ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ಬೆಳಿಗ್ಗೆ ಅವಳೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದೇನಮ್ಮ ಇದು, ನಾಯಿ ಅಟ್ಟಿಸ್ಕೊಂಡು ಬಂದಂಗೆ! ಪ್ರದಕ್ಷಿಣೆ ಅಂದ್ರೆ ಹೆಂಗಿರ್ಬೇಕು? ತುಂಬಿದ ಬಸುರಿ ಎಣ್ಣೆ ಕೊಡ ಹೊತ್ಕೊಂಡು ನಡೆದಂಗಿರ್ಬೇಕು. ನಮ್ಮಜ್ಜಿ ಕಾಲದಿಂದ ಅಂಗೇ ನಡ್ಕೊಂಡು ಬಂದೈತೆ."

ಟೀಚರಮ್ಮ ಹೊರಸುತ್ತಿನಲ್ಲಿ ನಿಂತರು. "ಹೌದಾ ಅಜ್ಜಮ್ಮ? ನಿಮ್ಮ ಮೊಮ್ಮಗಳೀಗ ಬಸುರಿಯಾ?"

"ಥೂ ಥೂ, ಬುಡ್ತು ಅನ್ನಮ್ಮ!"

"ಬಿಡ್ತು. ಮತ್ತೆ ಬಸುರಿ ಆದಾಗ ಹಾಗೆ ನಡೀಲಿ. ಈಗ್ಯಾಕೆ?"

ಹುಡುಗಿಯರು ಸೆರಗು ಬಾಯಿಗೆ ತುರುಕಿಕೊಂಡರು. ಅಜ್ಜಿ ಬಿಡುವವಳಲ್ಲ. ಮಾರನೆಯ ದಿನ ಮಂಡಿಯಿಂದ ಒಂದು ಗಿಂಡಿ ತುಂಬ ಹರಳೆಣ್ಣೆ ತರಿಸಿ ನನ್ನ ಕೈಯಲ್ಲಿಟ್ಟಳು. "ಒಂದು ತೊಟ್ಟು ಚೆಲ್ಲಂಗಿಲ್ಲ, ಅಂಗೆ ನಡಿ" ಅಂದು ಕಟ್ಟೆಯ ಎದುರಿಗೇ ಕುಕ್ಕರಿಸಿದಳು. ನಾನು ಗಿಂಡಿ ಹಿಡಿದು ಬಸವನಹುಳುವಿನ ಹಾಗೆ ಅರ್ಧ ಸುತ್ತು ಹಾಕಿರಬೇಕು. ಇಲ್ಲಿಗೆ ಮುಗಿಯಿತು, ಇನ್ನು ಇದೂ ಇನ್ನೊಂದು ಬಗೆಯ ಕೂರುವುದೇ ಅಂದುಕೊಂಡೆ. ಟೀಚರಮ್ಮ ಕೈಚಾಚಿ ನನ್ನಿಂದ ಗಿಂಡಿ ಇಸಿದುಕೊಂಡರು. ಪಕ್ಕದ ಗಣಪತಿ ಗುಡಿಯ ಪೂಜಾರಪ್ಪನನ್ನು ಕರೆದು, "ತಗೊಳ್ಳಿ ಸ್ವಾಮಿ, ಎಣ್ಣೆ ಮಂಡಿ ಅಜ್ಜಮ್ಮ ದೀಪಕ್ಕೆ ಕೊಟ್ಟಿದ್ದಾರೆ" ಅಂತ ಕೊಟ್ಟೇಬಿಟ್ಟರು. ಯುದ್ಧದ ಕಾಲ, ಎಣ್ಣೆಗೆ ಬರ. ಪೂಜಾರಪ್ಪ ಎಣ್ಣೆ ಸುರಿದುಕೊಂಡು, ಗಿಂಡಿ ವಾಪಸ್ಸು ಕೊಟ್ಟು, ಅಜ್ಜಿಗೆ ಎರಡು ಕೈ ಎತ್ತಿ ಮುಗಿದರು. ದೇವರಿಗೆ ಸಂದದ್ದನ್ನು ಅಜ್ಜಿ ವಾಪಸ್ಸು ಕೇಳುವ ಹಾಗಿರಲಿಲ್ಲ. ಟೀಚರಮ್ಮ ನನ್ನ ಕಡೆ ತಿರುಗಿ, "ಈಗ ಕೈ ಖಾಲಿ. ನಡಿ" ಅಂದರು. ಖಾಲಿ ಗಿಂಡಿ ಹಿಡಿದು ಮನೆಗೆ ಹೋದ ಅಜ್ಜಿ ಆ ಎಣ್ಣೆಯ ವಿಷಯ ಮಾತ್ರ ಮರೆಯಲಿಲ್ಲ.

ಆದರೆ ಆಟ ಕೆಟ್ಟದ್ದು ಬೇರೆ ಕಡೆಯಿಂದ. ಹರಕೆ ಫಲಿಸಿಬಿಟ್ಟಿತು. ಕೊರಟಗೆರೆಯಿಂದ ಒಂದು ಸಂಬಂಧ ಬಂತು, ಜಾತಕ ಕೂಡಿತು, ಹುಡುಗಿ ಕೆಂಪಗೆ ದುಂಡಗೆ ಆಗಿದ್ದಾಳೆ ಅಂತ ಅವರು ಒಪ್ಪಿಯೂ ಬಿಟ್ಟರು. ಕಟ್ಟೆಗೆ ಹೋಗಿ ಟೀಚರಮ್ಮನಿಗೆ ಹೇಳಿದೆ. "ಆಗಿ ಹೋಯ್ತಾ? ನಾನು ಕೇಳಿಕೊಂಡದ್ದೇ ಬೇರೆ, ಆ ದೇವರು ಕೊಟ್ಟದ್ದೇ ಬೇರೆ" ಅಂದು ಕೊಡೆಯನ್ನು ನೆಲಕ್ಕೆ ಊರಿ ನಿಂತರು. ಅವರು ಊರಿ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ, "ಇನ್ನೊಂದು ಕೂತಿತು" ಅಂದರು. ಈ ಸಲ ನನ್ನ ಮುಖ ನೋಡಿಯೇ ಅಂದರು.

ನನ್ನ ಮದುವೆಯ ಸುದ್ದಿ ಹಬ್ಬಿದ್ದೇ ತಡ, ಊರ ತಾಯಂದಿರೆಲ್ಲ ತಮ್ಮ ಹುಡುಗಿಯರನ್ನು ಅರಳಿಕಟ್ಟೆಗೆ ಅಟ್ಟಿದರಂತೆ. ಒಳಸುತ್ತಿನಲ್ಲಿ ಜಾಗ ಸಾಲದಾಯಿತಂತೆ. ಕೊರಟಗೆರೆಗೆ ಬಂದವರು ಹೇಳಿದರು. ಕೇಳಿ ನಕ್ಕೆ, ಆಮೇಲೆ ಅಳು ಬಂತು. ಅತ್ತೆಮನೆಯಲ್ಲಿ ನಾನು ಕೂತಿದ್ದೆ. ಅಲ್ಲಿ ಕಿಟಕಿಯಿಂದ ಬೆಟ್ಟವೂ ಕಾಣುತ್ತಿರಲಿಲ್ಲ.

ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಾಗ ಟೀಚರಮ್ಮ ಜ್ವರದಲ್ಲಿ ಮಲಗಿದ್ದಾರೆ ಅಂತ ತಿಳಿಯಿತು. ನೋಡಿ ಬರುತ್ತೇನೆ ಅಂದರೆ, ಬಿಸಿಲು ಅಂತ ಒಂದು ದಿನ, ಅಮಾವಾಸ್ಯೆ ಅಂತ ಒಂದು ದಿನ ಅಮ್ಮ ತಡೆದಳು. ಅಷ್ಟರಲ್ಲಿ ಅವರು ಹೋಗಿಬಿಟ್ಟರು. ತುಂಬಿದ ಬಸುರಿ ಸಾವಿನ ಮನೆಗೆ ಹೋಗಬಾರದು. ನಾನು ಅದೇ ಕಿಟಕಿಯ ಮುಂದೆ ಕೂತು ಅತ್ತೆ. ಅವರು ಹಾಕಿದ ಭಿಕ್ಷೆ ನನ್ನ ಕಾಲುಗಳು. ಆ ಕಾಲುಗಳಿಂದ ಎರಡು ಬೀದಿ ದಾಟಿ ಅವರ ಮುಖ ನೋಡಲು ನನಗೆ ಆಗಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮಾರನೆಯ ಬೆಳಿಗ್ಗೆ ಅಜ್ಜಿ ಬಂದು ನನ್ನ ರಟ್ಟೆ ಹಿಡಿದಳು. "ಏಳು. ಸಾವಿನ ಮನೆಗೆ ತಾನೇ ಹೋಗಬಾರ್ದು? ಕಟ್ಟೆಗೆ ಹೋಗಾಕೇನು, ನಡಿ."

ಕಟ್ಟೆಯ ಹತ್ತಿರ ಹುಡುಗಿಯರು ಗುಂಪಾಗಿ ನಿಂತಿದ್ದರು. ಹೊರಸುತ್ತು ಖಾಲಿಯಿತ್ತು. ನಡೆಯಬೇಕೋ ಬೇಡವೋ ಅವರಿಗೆ ಹೇಳುವವರಿರಲಿಲ್ಲ. ನಾನು ಮರಕ್ಕೆ ಕೈಮುಗಿದು ನಡೆಯತೊಡಗಿದೆ, ಸೊಂಟದ ಮೇಲೆ ಒಂದು ಕೈ, ಹೊಟ್ಟೆಯ ಮೇಲೆ ಒಂದು ಕೈ. ಎಣ್ಣೆ ಕೊಡವೊಂದು ಇರಲಿಲ್ಲ, ಉಳಿದದ್ದೆಲ್ಲ ಅಜ್ಜಿ ಹೇಳಿದ ಹಾಗೇ ಇತ್ತು. ಹುಡುಗಿಯರೂ ಹಿಂದೆ ಬಂದರು. ನನ್ನನ್ನು ದಾಟಬಾರದು ಅಂತಲೋ, ದುಃಖಕ್ಕೋ, ಎಲ್ಲರೂ ನನ್ನ ಹಾಗೆಯೇ ಒಂದೊಂದೇ ಹೆಜ್ಜೆ ಇಡುತ್ತಿದ್ದರು.

ಎದುರಿಗೆ ಕುಕ್ಕರಿಸಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಮ್ಮೆಗೇ ಅವಳ ಗಂಟಲು ಎದ್ದಿತು.

"ಲೇ, ಅವಳು ಬಸುರಿ, ಅಂಗೆ ನಡೀತಾಳೆ! ನಿಮಗೇನ್ರೇ ಬಂದಿರೋದು? ನಡೀರೇ ಬಿರಬಿರನೆ!"

ಹುಡುಗಿಯರು ಬೆಚ್ಚಿ ಹೆಜ್ಜೆ ಕಿತ್ತರು. ಅವರಿಗೆ ದಾರಿಬಿಡಲು ನಾನು ಪಕ್ಕಕ್ಕೆ ಸರಿದೆ. ಸರಿದಾಗ ಕಾಲಿಗೆ ಹೊರಸುತ್ತು ಸಿಕ್ಕಿತು, ಹುಲ್ಲೆಲ್ಲ ಸವೆದು ನೆಲ ನುಣ್ಣಗಾಗಿತ್ತು. ಮುತ್ತೈದೆ, ಅದರಲ್ಲೂ ಬಸುರಿ, ಆ ಹಾದಿಯಲ್ಲಿ ನಡೆಯುತ್ತಿದ್ದದ್ದನ್ನು ಅಜ್ಜಿ ನೋಡಿದಳು. ತಡೆಯದೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.